ಜೇನಿನ ಮಿಝಾಜ್ ಅರಿತು ಬಳಸೋಣ

ಡಿಸೆಂಬರ್ ಬಂತೆಂದರೆ ನನ್ನ ಕ್ಲಿನಿಕ್ಕಿಗೆ ಜೇನಿನ ಬಾಟಲಿಗಳೂ ಬರುತ್ತವೆ. "ಡಾಕ್ಟ್ರೇ, ತೋಟದಿಂದಲೇ ತಂದದ್ದು. ಅಡಿಯಲ್ಲಿ ಸಕ್ಕರೆ ನಿಂತಿದೆ, ಮೋಸ ಹೋದೆವು" ಎಂಬುದು ದೂರು. ಹರಳುಗಟ್ಟಿದ್ದೇ ಮೋಸಕ್ಕೆ ಸಾಕ್ಷಿಯಲ್ಲ. ಜೇನಿನ ಗ್ಲುಕೋಸ್ ಚಳಿಗೆ ಹರಳಾಗುತ್ತದೆ, ಕೊಡಗಿನ ಚಳಿ ಅದಕ್ಕೆ ಧಾರಾಳ ಸಾಕು. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಬೆಂಕಿಕಡ್ಡಿ ಹಚ್ಚುವುದು, ನೀರಿಗೆ ಹನಿ ಬಿಡುವುದು ಮುಂತಾದ ಮನೆ ಪರೀಕ್ಷೆಗಳನ್ನು ನಂಬಿ ಮಾರಿದವನನ್ನು ದೂರಬೇಡಿ. ಗಟ್ಟಿ ಸಕ್ಕರೆ ಪಾಕವೂ ನೀರಿನ ತಳಕ್ಕೆ ಇಳಿಯುತ್ತದೆ.

ಯುನಾನಿಯಲ್ಲಿ ಪ್ರತಿ ಪದಾರ್ಥವೂ ಬೆಂಕಿ, ಗಾಳಿ, ನೀರು, ಮಣ್ಣು ಎಂಬ ನಾಲ್ಕು ಅರ್ಕಾನ್‌ಗಳಿಂದಾದದ್ದು. ಅವು ಬೆರೆತಾಗ ಮೂಡುವ ಗುಣವೇ ಮಿಝಾಜ್. ಇಬ್ನ್ ಸೀನಾರ 'ಅಲ್ ಖಾನೂನ್' ಗ್ರಂಥದ ಮೊದಲ ಭಾಗದಲ್ಲೇ ಈ ಚರ್ಚೆ ಇದೆ. ಇಂದಿನ ರಸಾಯನಶಾಸ್ತ್ರ ನೂರಕ್ಕೂ ಮಿಕ್ಕ ಮೂಲವಸ್ತುಗಳನ್ನು ಗುರುತಿಸಿದೆ. ಅರ್ಕಾನನ್ನು ಅದರೊಂದಿಗೆ ಸ್ಪರ್ಧೆಗಿಳಿಸಬಾರದು ಎಂಬುದು ನನ್ನ ಅಭಿಪ್ರಾಯ. ಆದರೆ ವಸ್ತುವನ್ನು ಕಣ್ಣಿಗೆ ಕಂಡಂತೆಯಲ್ಲ, ಅದು ಮಾಡುವ ಕೆಲಸದಿಂದ ಅರಿಯಬೇಕೆಂಬ ಪಾಠ ಇಂದಿಗೂ ಬೇಕು.

ಜೇನಿನ ಮಿಝಾಜ್ ಉಷ್ಣ, ಶುಷ್ಕ. ಹರಿಯುವ ಜೇನು ಶುಷ್ಕ ಹೇಗೆ? ಒಂದು ಲೀಟರ್ ಜೇನು ಸುಮಾರು 1.4 ಕಿಲೋ ತೂಗುತ್ತದೆ. ಅದರಲ್ಲಿ ಬಹುಪಾಲು ಸಕ್ಕರೆಗಳೇ, ನೀರು ಐದನೇ ಒಂದು ಭಾಗದ ಆಸುಪಾಸು. ಹಾಗಾಗಿ ಅದು ಸುತ್ತಲಿನ ತೇವವನ್ನು ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಮುಚ್ಚಳ ಸಡಿಲಬಿಟ್ಟರೆ, ಒದ್ದೆ ಚಮಚ ಹಾಕಿದರೆ ನೀರಿನಂಶ ಹೆಚ್ಚಿ ನೊರೆಬಂದು ಹುಳಿಯಾಗುತ್ತದೆ.

ನೀರು ಸಾಲದ ಜೇನಿನಲ್ಲಿ ರೋಗಾಣುಗಳು ಬೆಳೆಯಲಾರವು. ಆದರೆ ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅದರಲ್ಲಿ ನಿದ್ದೆಹೋದಂತೆ ಉಳಿಯಬಹುದು. ಕುದಿಸಿದರೂ ಸಾಯುವುದಿಲ್ಲ. ದೊಡ್ಡವರ ಕರುಳಿನಲ್ಲಿ ಸಾಮಾನ್ಯವಾಗಿ ಅವುಗಳ ಆಟ ನಡೆಯದು. ಹಸುಗೂಸಿನ ಕರುಳಿನಲ್ಲಿ ಅವು ಎಚ್ಚೆತ್ತು ವಿಷ ಬಿಡುತ್ತವೆ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಮಗುವಿನ ನಾಲಗೆಗೆ ಜೇನು ಸವರಲೇಬೇಡಿ, ಒಂದು ಹನಿಯೂ ಬೇಡ.

"ಜೇನಿನಲ್ಲಿ ಶಿಫಾ ಇದೆಯಲ್ಲ?" ಎಂದು ಹಿರಿಯ ಹೆಂಗಸರು ಕೇಳುತ್ತಾರೆ. ಇದೆ, ಸೂರಃ ಅನ್ನಹ್ಲ್‌ನಲ್ಲಿ ಹೇಳಿದೆ. ಆದರೆ ಯಾವ ಔಷಧವನ್ನೂ ವಯಸ್ಸು ನೋಡದೆ ಕೊಡುವುದಿಲ್ಲ. ತಹ್‌ನೀಕ್‌ನ ಹದೀಸ್‌ಗಳಲ್ಲಿ ಪ್ರವಾದಿ(ಸ)ಯವರು ಬಳಸಿದ್ದು ಖರ್ಜೂರ. ಕೈ ತೊಳೆದು, ಖರ್ಜೂರವನ್ನು ಚೆನ್ನಾಗಿ ಅರೆದು, ನಾರು ಚೂರು ಉಳಿಯದಂತೆ ರಸವನ್ನಷ್ಟೇ ತುಸು ಅಂಗುಳಿಗೆ ಸವರಿ. ಅವಧಿಗೆ ಮುನ್ನ ಹುಟ್ಟಿದ ಮಗುವಾದರೆ ಮಕ್ಕಳ ವೈದ್ಯರನ್ನು ಮೊದಲು ಕೇಳಿ.

ಜೇನು ಈಗಾಗಲೇ ಕೊಟ್ಟಿದ್ದರೆ ಗಾಬರಿ ಬೇಡ, ಕೆಲವು ವಾರ ಗಮನವಿಡಿ. ಮಲಬದ್ಧತೆ, ಕ್ಷೀಣವಾದ ಅಳು, ಹಾಲು ಚೀಪಲು ಶಕ್ತಿ ಸಾಲದಿರುವುದು, ರೆಪ್ಪೆ ಜೋತುಬೀಳುವುದು, ಕುತ್ತಿಗೆ ನಿಲ್ಲದಿರುವುದು ಕಂಡರೆ ನನ್ನಂಥವರ ಕ್ಲಿನಿಕ್ಕಿಗೆ ಬಂದು ಹೊತ್ತು ಕಳೆಯದೆ ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ. ಜೇನು ಕೊಟ್ಟ ವಿಷಯವನ್ನು ಅಲ್ಲಿ ಮುಚ್ಚಿಡದೆ ಹೇಳಿ.