ಮಠದ ಶಾಲೆ, ಮಿಷನ್ ಶಾಲೆ: ಮಕ್ಕಳು ಗೆಲ್ಲುವುದು ಎಲ್ಲಿ?

ಹೈಸ್ಕೂಲಿಗೆ ಹೊಸದಾಗಿ ಸೇರಿದ ಮೇಷ್ಟ್ರು, ಮೇಡಂಗಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಏಳನೆಯ ತರಗತಿ ಮುಗಿಸಿದ ಮಗುವನ್ನು ಮುಂದೆಲ್ಲಿಗೆ ಹಾಕುವುದೆಂದು ಯೋಚಿಸುತ್ತಿರುವ ತಂದೆತಾಯಿಗಳೂ ಓದಬಹುದು. ಮಠ, ಚರ್ಚು, ಅಂಜುಮನ್, ಆಶ್ರಮಗಳು ನಡೆಸುವ ಪ್ರೌಢಶಾಲೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಂಗಳೂರಿನ ಸಂತ ಅಲೋಶಿಯಸ್ 1880ರಷ್ಟು ಹಳೆಯದು. ಮೈಸೂರಿನ ರಾಮಕೃಷ್ಣ ವಿದ್ಯಾಶಾಲೆ 1953ರದ್ದು. ಬೆಂಗಳೂರಿನ ಅಲ್ ಅಮೀನ್ ಸಂಸ್ಥೆ ಹುಟ್ಟಿದ್ದು 1966ರಲ್ಲಿ. ಇಂಥ ಶಾಲೆಗಳ ಬಗ್ಗೆ ಊರಲ್ಲಿ ಕೇಳಿಬರುವ ಮಾತು ಒಂದೇ: ಅಲ್ಲಿ ಶಿಸ್ತಿದೆ, ಫಲಿತಾಂಶ ಚೆನ್ನಾಗಿದೆ. ಆದರೆ ಆ ಚೆನ್ನು ಎಲ್ಲಿಂದ ಬರುತ್ತದೆ ಎಂದು ಕೇಳಿ ನೋಡಿ. ದೇವರ ಪಟ ಬೀಜಗಣಿತ ಕಲಿಸುವುದಿಲ್ಲ, ಕಲಿಸುವವರು ನಾವು.

ಮೊದಲು ಫಲಿತಾಂಶದ ವಿಷಯ ಮುಗಿಸಿಬಿಡೋಣ. ಎಂಟನೆಯ ತರಗತಿಗೆ ಪ್ರವೇಶ ಪರೀಕ್ಷೆ ಇಟ್ಟು ಚುರುಕಾದ ಮಕ್ಕಳನ್ನೇ ಆರಿಸಿಕೊಂಡ ಶಾಲೆ ಹತ್ತನೆಯಲ್ಲಿ ನೂರಕ್ಕೆ ನೂರು ತಂದರೆ, ಅದರಲ್ಲಿ ಶಾಲೆಯ ಪಾಲೆಷ್ಟು, ಮನೆಯ ಪಾಲೆಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ದೂರದ ಶಾಲೆಯನ್ನು ಹುಡುಕಿಕೊಂಡು ಬಂದು ಮಗುವನ್ನು ಸೇರಿಸುವ ಪೋಷಕರು ಬೇರೆಲ್ಲಿ ಸೇರಿಸಿದ್ದರೂ ಆ ಮಗುವಿನ ಓದಿನ ಮೇಲೆ ಕಣ್ಣಿಟ್ಟೇ ಇರುತ್ತಿದ್ದರು. ಹಾಗಾಗಿ ಬ್ಯಾನರಿನ ಮೇಲಿರುವ ಅಂಕಗಳ ಲೆಕ್ಕವನ್ನು ನೋಡಿ ಸಂತೋಷಪಡಿ, ಅದರಿಂದ ತೀರ್ಮಾನಕ್ಕೆ ಬರಬೇಡಿ.

ಈ ಪ್ರಶ್ನೆಯನ್ನು ತುಂಬ ಶ್ರದ್ಧೆಯಿಂದ ಕೆದಕಿದ್ದು ಅಮೆರಿಕದಲ್ಲಿ. ಅಲ್ಲಿನ ಕ್ಯಾಥೊಲಿಕ್ ಹೈಸ್ಕೂಲುಗಳಲ್ಲಿ ಬಡ ಮಕ್ಕಳು, ಕಪ್ಪು ಜನಾಂಗದ ಮಕ್ಕಳು ಸರ್ಕಾರಿ ಶಾಲೆಗಳಿಗಿಂತ ಮೇಲಾಗಿ ಓದುತ್ತಿದ್ದಾರೆ, ನಡುವೆ ಶಾಲೆ ಬಿಡುವವರೂ ಕಡಿಮೆ ಎಂದು ಸಮಾಜಶಾಸ್ತ್ರಜ್ಞ ಜೇಮ್ಸ್ ಕೋಲ್ಮನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಬರೆದರು. ಮಕ್ಕಳನ್ನು ಆರಿಸಿಕೊಳ್ಳುವುದರಿಂದ ಹಾಗೆ ಕಾಣುತ್ತಿದೆಯಷ್ಟೆ ಎಂದು ಬೇರೆ ವಿದ್ವಾಂಸರು ವಾದಿಸಿದರು. ಅಂಕಗಳ ವಿಷಯದಲ್ಲಿ ಆ ಜಗಳ ಇನ್ನೂ ತೀರಿಲ್ಲ. ಓದು ಪೂರೈಸುವವರು ಹೆಚ್ಚು ಎಂಬ ಮಾತು ಮಾತ್ರ ಗಟ್ಟಿಯಾಗಿ ನಿಂತಿದೆ. 1993ರಲ್ಲಿ ಆಂಟನಿ ಬ್ರೈಕ್, ವ್ಯಾಲರಿ ಲೀ, ಪೀಟರ್ ಹಾಲೆಂಡ್ ಎಂಬ ಮೂವರು ಅಂಥ ಶಾಲೆಗಳ ಒಳಹೊಕ್ಕು ನೋಡಿ ಬರೆದ ಪುಸ್ತಕ ಹೊರಬಂತು. ಅವರು ಕಂಡದ್ದರಲ್ಲಿ ನನಗೆ ಬಹಳ ಮುಖ್ಯವೆನಿಸುವುದು ಪಾಠದ ಸಂಗತಿ. ಸರ್ಕಾರಿ ಹೈಸ್ಕೂಲಿನಲ್ಲಿ ಮಗು ಹತ್ತಾರು ವಿಷಯಗಳಿಂದ ಆರಿಸಿಕೊಳ್ಳಬಹುದಿತ್ತು. ಓದಿನಲ್ಲಿ ಹಿಂದಿರುವ ಮಗು ಸುಲಭದ ಕಡೆಗೆ ಜಾರುತ್ತಿತ್ತು. ಕ್ಯಾಥೊಲಿಕ್ ಶಾಲೆಗಳಲ್ಲಿ ಅಷ್ಟೆಲ್ಲ ವಿಷಯ ಇಡಲು ದುಡ್ಡಿರಲಿಲ್ಲ. ಜೊತೆಗೆ, ಎಲ್ಲ ಮಕ್ಕಳೂ ಒಂದೇ ಗಟ್ಟಿ ಪಾಠಕ್ಕೆ ಅರ್ಹರು ಎಂಬ ನಂಬಿಕೆಯೂ ಇತ್ತು. ಕೂಲಿಯವರ ಮಕ್ಕಳೂ ವಕೀಲರ ಮಕ್ಕಳೂ ಅದೇ ಗಣಿತ, ಅದೇ ಸಾಹಿತ್ಯ ಓದಿದರು. ಮೇಷ್ಟ್ರುಗಳು ಪಾಠ ಮುಗಿದ ಮೇಲೂ ಆಟದ ಬಯಲಿನಲ್ಲಿ, ಪ್ರಾರ್ಥನೆಯಲ್ಲಿ ಮಕ್ಕಳ ಕಣ್ಣಿಗೆ ಬೀಳುತ್ತಿದ್ದರು.

ಇದನ್ನು ಓದುವಾಗ ನಮ್ಮವರಿಗೆ ತುಮಕೂರಿನ ಸಿದ್ಧಗಂಗೆ ಮಠ ನೆನಪಾಗದೆ ಇರದು. ಅಲ್ಲಿನ ಮಠಾಧಿಪತಿ ಉದ್ಧಾನ ಶಿವಯೋಗಿಗಳ ಕಾಲದಲ್ಲಿ, 1917ರಲ್ಲಿ, ಅಲ್ಲಿ ಸಂಸ್ಕೃತ ಪಾಠಶಾಲೆ ಶುರುವಾಯಿತು. 1941ರಲ್ಲಿ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳು ಅದನ್ನು ಎಷ್ಟು ಬೆಳೆಸಿದರೆಂದರೆ, 8–10 ಸಾವಿರ ಮಕ್ಕಳು ಅಲ್ಲೇ ಉಂಡು, ಮಲಗಿ, ಓದುವಂತಾಯಿತು. ಅನ್ನ, ಅಕ್ಷರ, ಆಶ್ರಯ ಎಂಬ ತ್ರಿವಿಧ ದಾಸೋಹದ ಮಾತು ನಾಡಿಗೆಲ್ಲ ಗೊತ್ತು. ಆದರೆ ಶಿಕ್ಷಕರಾಗಿ ನಾವು ಗಮನಿಸಬೇಕಾದದ್ದು ಈ ಮೂರರಲ್ಲಿ ಅನ್ನವೇ ಮೊದಲು ಬಂದಿರುವುದನ್ನು. ಹಸಿದ ಮಗುವಿಗೆ ವ್ಯಾಕರಣ ಹತ್ತುವುದಿಲ್ಲ. ಮಳೆ ಕೈಕೊಟ್ಟ ಸೀಮೆಯಿಂದ ಬಂದ ಹದಿಮೂರರ ಹುಡುಗನಿಗೆ ನಾಳೆಯೂ ಮುದ್ದೆ ಸಾರು ಇದೆ, ಯಾರೂ ಹೊರಗೆ ಹಾಕುವುದಿಲ್ಲ ಎಂಬುದು ಖಾತ್ರಿಯಾದ ಮೇಲೆಯೇ ಅವನ ಮನಸ್ಸು ಪುಸ್ತಕದ ಕಡೆಗೆ ತಿರುಗುವುದು. ಆ ಊಟಕ್ಕೆ ದವಸ ಬರುತ್ತಿದ್ದುದು ಹಳ್ಳಿಗಳ ಭಕ್ತರಿಂದ. ಸ್ವಾಮಿಗಳು ಊರೂರು ಸುತ್ತಿ ತಂದದ್ದು ಅದು. ಅಂದರೆ ಮಗುವಿನ ಓದಿನ ಹಿಂದೆ, ಅದರ ಮುಖವನ್ನೇ ಕಾಣದ ನೂರಾರು ರೈತರು ನಿಂತಿದ್ದರು. ಫೀಸು ಕಟ್ಟಿಸಿಕೊಳ್ಳುವ ಶಾಲೆಗೆ ಇಂಥ ಬೆಂಬಲ ಹುಟ್ಟುವುದು ಅಪರೂಪ.

ಸಿದ್ಧಗಂಗೆಯಲ್ಲಿ ಬೆಳಗ್ಗೆ, ಸಂಜೆ ಸಾಮೂಹಿಕ ಪ್ರಾರ್ಥನೆ ಇದೆ. ಸಾವಿರಾರು ಮಕ್ಕಳು ಸಾಲುಸಾಲಾಗಿ ನೆಲದ ಮೇಲೆ ಕೂರುತ್ತಾರೆ. ಯಾವ ಜಾತಿಯ ಮಗು ಯಾವ ಸಾಲಿನಲ್ಲಿ ಎಂಬ ಪ್ರಶ್ನೆ ಅಲ್ಲಿಲ್ಲ. ಊಟದ ಪಂಕ್ತಿಯಲ್ಲೂ ಇಲ್ಲ. ಮುಸ್ಲಿಂ ಮಕ್ಕಳೂ ಅಲ್ಲಿ ಓದಿದ್ದಾರೆ. ನೂರು ವರ್ಷ ದಾಟಿದ ಮೇಲೂ ಸ್ವಾಮಿಗಳು ಈ ಮಕ್ಕಳ ನಡುವೆಯೇ ಇದ್ದರು. 2019ರ ಜನವರಿ 21ರಂದು, ತಮ್ಮ 111ನೆಯ ವಯಸ್ಸಿನಲ್ಲಿ ಅವರು ಲಿಂಗೈಕ್ಯರಾದಾಗ, ಮಕ್ಕಳ ಊಟ ಮುಗಿದ ಮೇಲೆಯೇ ಸುದ್ದಿ ತಿಳಿಸಬೇಕೆಂಬುದು ಅವರ ಇಚ್ಛೆಯಾಗಿತ್ತೆಂದು ವರದಿಯಾಯಿತು. ನಾನು ಹೇಳಬೇಕೆಂದಿರುವುದೂ ಇದನ್ನೇ. ನಂಬಿಕೆ ಮೊದಲು ದೊಡ್ಡವರನ್ನು ಕಟ್ಟಿಹಾಕಬೇಕು: ಅವರ ಎಚ್ಚರವನ್ನು, ಅವರ ಸಮಯವನ್ನು, ಅವರ ಊಟದ ಸರದಿಯನ್ನು. ಹಾಗಾದ ಕಡೆ ಮಕ್ಕಳು ಗೆಲ್ಲುತ್ತಾರೆ. ನಂಬಿಕೆಯ ಭಾರವನ್ನೆಲ್ಲ ಮಕ್ಕಳ ಹೆಗಲಿಗೆ ಹಾಕಿ, ದೊಡ್ಡವರು ಕಮಿಟಿ ಸಭೆಯಲ್ಲಿ ಕೂತ ಕಡೆ ಉಳಿಯುವುದು ಹೆದರಿಕೆ ಮಾತ್ರ.

ಇನ್ನೊಂದು ಧರ್ಮದ ಮಗು ಬಂದಾಗ ಏನು ಮಾಡಬೇಕು? ಹೊಸ ಶಿಕ್ಷಕರು ಇದನ್ನು ಸ್ಪಷ್ಟವಾಗಿ ತಿಳಿದಿರಬೇಕು. ಅಲ್ಪಸಂಖ್ಯಾತರು ತಮ್ಮ ಶಾಲೆ ಕಟ್ಟಿ ನಡೆಸುವ ಹಕ್ಕನ್ನು ಸಂವಿಧಾನದ 30ನೆಯ ವಿಧಿ ಕೊಟ್ಟಿದೆ. ಅದರ ಜೊತೆಗೇ 28ನೆಯ ವಿಧಿಯ ಮೂರನೆಯ ಖಂಡ ಮಗುವಿಗೂ ಒಂದು ಹಕ್ಕು ಕೊಟ್ಟಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ, ಪೋಷಕರ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗಾಗಲಿ ಪೂಜೆಗಾಗಲಿ ಕೂರಿಸುವಂತಿಲ್ಲ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಮೂವರು ಮಕ್ಕಳನ್ನು ಹೊರಹಾಕಿದ್ದು ನಿಮಗೆ ಗೊತ್ತಿರಬಹುದು. ಯೆಹೋವನ ಸಾಕ್ಷಿಗಳೆಂಬ ಪಂಥದ ಆ ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಮರುವರ್ಷ ಸುಪ್ರೀಂ ಕೋರ್ಟು ಅವರನ್ನು ಮತ್ತೆ ಸೇರಿಸಿಕೊಳ್ಳಲು ಹೇಳಿತು. ಕಾನೂನು ಇಷ್ಟು. ಒಳ್ಳೆಯ ಶಾಲೆ ಕಾನೂನಿನ ಗೆರೆಗೆ ಬಂದು ನಿಲ್ಲುವುದಿಲ್ಲ. ಪ್ರಾರ್ಥನೆಗೆ ಬಾರದ ಮಗು ಒಂಟಿಯಾಗಿ ವರಾಂಡದಲ್ಲಿ ನಿಲ್ಲದಂತೆ ನೋಡಿಕೊಳ್ಳುತ್ತದೆ. ಮಗುವನ್ನು ತನ್ನ ಅಚ್ಚಿಗೆ ಒತ್ತುವುದೂ ಇಲ್ಲ. ಕುಪ್ಪಳಿಯಿಂದ ಮೈಸೂರಿಗೆ ಬಂದ ಪುಟ್ಟಪ್ಪ ಹೈಸ್ಕೂಲು ಓದಿದ್ದು ಕ್ರೈಸ್ತರ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ, ಆಮೇಲೆ ಇದ್ದದ್ದು ರಾಮಕೃಷ್ಣ ಆಶ್ರಮದಲ್ಲಿ. ಕುವೆಂಪು ಆಗಿ ಅವರು ಬರೆದದ್ದು ಎರಡರಲ್ಲಿ ಯಾವುದರ ಅಚ್ಚಿನಲ್ಲೂ ಎರಕ ಹೊಯ್ದಂತಿಲ್ಲ.

ಸೋಲುವ ಶಾಲೆಗಳನ್ನೂ ಗುರುತಿಸಬೇಕಲ್ಲ. ಗೋಡೆಯ ಮೇಲೆಲ್ಲ ವಚನ, ಸೂಕ್ತಿ, ವಾಕ್ಯ. ಆಫೀಸಿನಲ್ಲಿ ಡೊನೇಷನ್ ರಸೀದಿ ಪುಸ್ತಕ. ಒಂಬತ್ತನೆಯ ತರಗತಿ ಮುಗಿಯುತ್ತಿದ್ದಂತೆ ಹಿಂದುಳಿದ ಮಕ್ಕಳ ಪೋಷಕರನ್ನು ಕರೆಸಿ, ಟಿ.ಸಿ. ತೆಗೆದುಕೊಂಡು ಹೋಗಿ ಎಂದು ಮೆತ್ತಗೆ ಹೇಳುತ್ತಾರೆ. ಹತ್ತನೆಯ ಶೇಕಡಾ ಲೆಕ್ಕ ಕೆಡಬಾರದಂತೆ. ದಯೆಯೇ ಧರ್ಮದ ಮೂಲವೆಂದು ಬೆಳಗ್ಗೆ ಹಾಡಿಸಿದ ಮಗುವಿಗೆ ಮಧ್ಯಾಹ್ನ ಹೀಗೆ ಮಾಡುವುದು ನನಗೆ ಸಹಿಸಲಾಗದ ವಿಷಯ. ಹದಿನಾಲ್ಕು ವರ್ಷದ ಮಕ್ಕಳು ಇದನ್ನು ಬಹಳ ಬೇಗ ಗ್ರಹಿಸುತ್ತಾರೆ. ಹೇಳಿದ ಮಾತಿಗೂ ನಡೆಗೂ ತಾಳೆಯಿಲ್ಲವೆಂದು ಕಂಡ ಮೇಲೆ ಅವರು ಧರ್ಮವನ್ನೂ ನಂಬುವುದಿಲ್ಲ, ಮೇಷ್ಟ್ರನ್ನೂ ನಂಬುವುದಿಲ್ಲ.

ಶಾಲೆ ನೋಡಲು ಹೋದಾಗ ಪೋಷಕರು ಮೂರು ವರ್ಷದ ಹಿಂದಿನ ದಾಖಲಾತಿಯ ಸಂಖ್ಯೆ ಕೇಳಿ. ಆಗ ಎಂಟನೆಯ ತರಗತಿಗೆ ಸೇರಿದವರೆಷ್ಟು, ಈ ವರ್ಷ ಎಸ್ಸೆಸ್ಸೆಲ್ಸಿಗೆ ಕೂತವರೆಷ್ಟು? ನಡುವೆ ಹೋದವರು ಯಾಕೆ ಹೋದರು ಎಂಬುದಕ್ಕೆ ಹೆಡ್‌ಮಾಸ್ಟರು ಒಬ್ಬೊಬ್ಬ ಮಗುವಿನ ಹೆಸರು ಹಿಡಿದು ಉತ್ತರ ಕೊಟ್ಟರೆ ಅದು ಒಳ್ಳೆಯ ಗುರುತು. ಹಾಸ್ಟೆಲ್ ಇದ್ದರೆ ಅಡುಗೆಮನೆಗೆ ಹೋಗಿ, ಮಕ್ಕಳ ಪಂಕ್ತಿಯಲ್ಲೇ ಕೂತು ಒಂದು ಹೊತ್ತು ಊಟ ಮಾಡಿ. ಮೇಷ್ಟ್ರುಗಳೂ ಅಲ್ಲೇ ಉಣ್ಣುತ್ತಾರೆಯೇ ಎಂದು ಗಮನಿಸಿ. ಹೊಸ ಶಿಕ್ಷಕರಿಗೆ ಇನ್ನೊಂದು ಕೆಲಸವಿದೆ. ಮೊದಲ ತಿಂಗಳಲ್ಲೇ ಹಾಜರಿ ಪುಸ್ತಕ ಹಿಡಿದು, ಪದೇ ಪದೇ ತಪ್ಪಿಸಿಕೊಳ್ಳುವ ಮೂರು ನಾಲ್ಕು ಮಕ್ಕಳ ಮನೆಗೆ ಹೋಗಿ ಬನ್ನಿ. ಭಾನುವಾರ ಸಂಜೆ ಹೋದರೆ ತಂದೆತಾಯಿ ಸಾಮಾನ್ಯವಾಗಿ ಮನೆಯಲ್ಲಿ ಸಿಗುತ್ತಾರೆ.