ಫೋರ್ಕ್ ಆಮೇಲೆ, ಮೊದಲು ಬ್ರೇಕ್

ಪ್ರಶ್ನೆ: ಸರ್, ನನಗೆ 26 ವರ್ಷ. ಮನೆ ಗುರುವಾಯನಕೆರೆ ಹತ್ತಿರ, ಕೆಲಸ ಬಿ.ಸಿ. ರೋಡಿನಲ್ಲಿ. ನನ್ನಲ್ಲಿ 21 ಗೇರಿನ, ಡಿಸ್ಕ್ ಬ್ರೇಕ್ ಇರುವ ಎಂಟಿಬಿ ಸೈಕಲ್ ಉಂಟು. ಭಾನುವಾರ ಮೂಡುಬಿದಿರೆ, ವೇಣೂರು ಕಡೆಯ ಗೆಳೆಯರ ಜೊತೆ ಗುಡ್ಡೆ ದಾರಿಗಳಲ್ಲಿ ಹೋಗುತ್ತೇನೆ. ಕಳೆದ ಜುಲೈಯಲ್ಲಿ ಮುರಕಲ್ಲಿನ ಇಳಿಜಾರಿನಲ್ಲಿ ಎರಡೂ ಬ್ರೇಕ್ ಒತ್ತಿ ಹಿಡಿದರೂ ಸೈಕಲ್ ನಿಲ್ಲಲಿಲ್ಲ. ಬಿದ್ದು ಮೊಣಕೈಗೆ ಹೊಲಿಗೆ ಹಾಕಿಸಬೇಕಾಯಿತು. ಅದಕ್ಕೆ ಒಂದು ವಾರ ಮೊದಲು ಬ್ರೇಕ್ ಕಿರುಚುತ್ತಿತ್ತು, ಡಿಸ್ಕಿಗೆ ಸ್ವಲ್ಪ ಎಣ್ಣೆ ಸ್ಪ್ರೇ ಮಾಡಿದ ಮೇಲೆ ಶಬ್ದ ನಿಂತಿತ್ತು. ಗೆಳೆಯರು ‘ಈ ಫೋರ್ಕ್ ಪ್ರಯೋಜನ ಇಲ್ಲ, 120 ಎಂಎಂ ಏರ್ ಫೋರ್ಕ್ ಹಾಕು, ಮುಂದೆ ಒಂದೇ ಚೈನ್‌ರಿಂಗ್ ಮಾಡಿಸು’ ಅನ್ನುತ್ತಾರೆ. ಒಟ್ಟು ಮಾಡಿದ 25 ಸಾವಿರ ರೂಪಾಯಿ ಇದೆ. ಅಮ್ಮ ಬಿದ್ದ ದಿನದಿಂದ ‘ಸೈಕಲ್ ಮಾರಿಬಿಡು’ ಅನ್ನುತ್ತಿದ್ದಾರೆ. ನನಗೂ ಇಳಿಜಾರು ಕಂಡರೆ ಈಗ ಕೈ ಬಿಗಿಯುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನೀವು ಸಣ್ಣ ವಿಷಯವೆಂದು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋದದ್ದೇ ಇಡೀ ಕಥೆ. ಡಿಸ್ಕಿಗೆ ಎಣ್ಣೆ ಸ್ಪ್ರೇ ಮಾಡಿದಿರಿ, ಶಬ್ದ ನಿಂತಿತು. ಶಬ್ದದ ಜೊತೆಗೆ ಬ್ರೇಕೂ ನಿಂತಿತು. ಡಿಸ್ಕ್ ಬ್ರೇಕ್ ಕೆಲಸ ಮಾಡುವುದು ಪ್ಯಾಡ್ ಮತ್ತು ರೋಟರ್ ಒಂದಕ್ಕೊಂದು ಉಜ್ಜಿದಾಗ. ನಡುವೆ ಎಣ್ಣೆಯ ತೆಳ್ಳಗಿನ ಪದರ ಬಂದರೂ ಸಾಕು, ಲಿವರ್ ಎಷ್ಟು ಒತ್ತಿದರೂ ಹಿಡಿತ ಸಿಗುವುದಿಲ್ಲ. ಪ್ಯಾಡ್ ಎಣ್ಣೆಯನ್ನು ಹೀರಿಕೊಳ್ಳುತ್ತದೆ, ಒರೆಸಿದರೆ ಹೋಗುವುದಿಲ್ಲ. ಜುಲೈ ಮಳೆ, ಒದ್ದೆ ಕಲ್ಲು ಎಲ್ಲ ಸೇರಿಕೊಂಡವು ನಿಜ. ಆದರೆ ನಿಮ್ಮನ್ನು ಬೀಳಿಸಿದ್ದು ಫೋರ್ಕ್ ಅಲ್ಲ, ನಿಮ್ಮ ಧೈರ್ಯದ ಕೊರತೆಯಂತೂ ಅಲ್ಲವೇ ಅಲ್ಲ. ಹಿಡಿಯದ ಬ್ರೇಕ್ ಇರುವ ಸೈಕಲ್ಲಿನಲ್ಲಿ ಇಳಿಜಾರು ಕಂಡು ಕೈ ಬಿಗಿದರೆ ಅದು ಸರಿಯಾದ ಭಯ. ಅದನ್ನು ಬೈದುಕೊಳ್ಳಬೇಡಿ.

ಈಗ ಮಾಡಬೇಕಾದ್ದು: ಎರಡೂ ಚಕ್ರದ ಪ್ಯಾಡ್ ಬಿಚ್ಚಿ ತೆಗೆಯಿರಿ, ಮತ್ತೆ ಹಾಕಬೇಡಿ. ರೋಟರನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಾಕಿ ಹೊಸ ಬಟ್ಟೆಯಿಂದ ಒರೆಸಿ, ನುಣ್ಣನೆಯ ಪಾಲಿಷ್ ಪೇಪರಿನಿಂದ ಹಗುರಾಗಿ ಉಜ್ಜಿ, ಮತ್ತೆ ಒರೆಸಿ. ಆಮೇಲೆ ಹೊಸ ಪ್ಯಾಡ್. ಹೊಸ ಪ್ಯಾಡ್ ಹಾಕಿದೊಡನೆ ಗುಡ್ಡೆಗೆ ಹೊರಡಬೇಡಿ. ವಾಹನವಿಲ್ಲದ ಸಮತಟ್ಟು ರಸ್ತೆಯಲ್ಲಿ ವೇಗ ಹಿಡಿದು, ಒಂದೊಂದೇ ಬ್ರೇಕನ್ನು ಒತ್ತಿ ನಿಧಾನ ಮಾಡುತ್ತಾ ಹದಿನೈದಿಪ್ಪತ್ತು ಸಲ ಹದಗೊಳಿಸಿ. ನಿಮ್ಮದು ಕೇಬಲ್ ಎಳೆಯುವ ಮೆಕ್ಯಾನಿಕಲ್ ಡಿಸ್ಕ್ ಎಂದುಕೊಂಡಿದ್ದೇನೆ. ಈ ಬಗೆಯ ಹೆಚ್ಚಿನ ಬ್ರೇಕುಗಳಲ್ಲಿ ಹೊರಗಿನ ಪ್ಯಾಡ್ ಮಾತ್ರ ಚಲಿಸುತ್ತದೆ. ಒಳಗಿನದು ಸವೆದಂತೆ ಅದರ ಹಿಂದಿನ ಸ್ಕ್ರೂವನ್ನು ಅಲನ್ ಕೀಯಿಂದ ತಿರುಗಿಸಿ ನಾವೇ ಹತ್ತಿರ ತರಬೇಕು. ಹಾಗೆ ಮಾಡದೆ ಬರೀ ಕೇಬಲ್ ಬಿಗಿ ಮಾಡುತ್ತಾ ಹೋದರೆ ರೋಟರ್ ಬಾಗುತ್ತದೆ. ನಮ್ಮ ಮಳೆಗೆ ಕೇಬಲ್ಲಿನ ಹೊದಿಕೆಯೊಳಗೆ ತುಕ್ಕು ಹಿಡಿಯುವುದು ಖಂಡಿತ. ಆದ್ದರಿಂದ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಒಳಗಿನ ತಂತಿ ಮತ್ತು ಹೊದಿಕೆ ಎರಡನ್ನೂ ಬದಲಿಸಿ.

ನಿಮ್ಮ 25 ಸಾವಿರದಲ್ಲಿ ದೊಡ್ಡ ಖರ್ಚೊಂದನ್ನು ಮಾಡುವುದಾದರೆ ಅದು ಹೈಡ್ರಾಲಿಕ್ ಬ್ರೇಕ್ ಆಗಲಿ. ಒಂದೇ ಬೆರಳಿನಿಂದ ಹಿಡಿಯಬಹುದು, ಉದ್ದದ ಇಳಿಜಾರಿನಲ್ಲಿ ಅಂಗೈ ಸೋಲುವುದಿಲ್ಲ. ಎರಡು ಎಚ್ಚರ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಮುಂದಿನ ಬ್ರೇಕ್ ಬಲಗೈಗೆ ಇರುತ್ತದೆ. ಬೇರೆ ದೇಶಕ್ಕೆಂದು ಜೋಡಿಸಿದ ಸೆಟ್ಟಿನಲ್ಲಿ ಅದು ಎಡಗೈಗೆ ಬಂದಿರಬಹುದು, ನೋಡಿ ಕೊಳ್ಳಿ. ಶಿಮಾನೋ ಬ್ರೇಕಿಗೆ ಹಾಕುವುದು ಮಿನರಲ್ ಆಯಿಲ್. ಬೈಕ್ ಗ್ಯಾರೇಜಿನಲ್ಲಿ ಸಿಗುವ ಡಾಟ್ ಬ್ರೇಕ್ ಆಯಿಲ್ ಅದಕ್ಕೆ ಹೋದರೆ ಒಳಗಿನ ಸೀಲ್ ಕೆಡುತ್ತದೆ.

ಬ್ರೇಕಿನ ಮೇಲೆ ನಾನಿಷ್ಟು ಜೋರು ಮಾಡುವುದಕ್ಕೆ ಈ ಗುಡ್ಡೆ ಸೈಕಲ್ ಆಟದ ಹುಟ್ಟಿನಲ್ಲೇ ಕಾರಣವಿದೆ. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1976ರ ಅಕ್ಟೋಬರಿನಲ್ಲಿ ಕೆಲವು ಯುವಕರು ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಬೆಟ್ಟದ ಮಣ್ಣುದಾರಿ ಇಳಿಯುವ ಪಂದ್ಯ ಶುರು ಮಾಡಿದರು. ಪೆಡಲ್ ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕ್ ಅವುಗಳದ್ದು. ಕೆಳಗೆ ತಲುಪುವಷ್ಟರಲ್ಲಿ ಹಬ್ಬಿನ ಗ್ರೀಸ್ ಕಾದು ಹೊಗೆಯಾಗಿ ಹೋಗುತ್ತಿತ್ತು, ಪ್ರತಿಸಲ ಬಿಚ್ಚಿ ಹೊಸದಾಗಿ ಗ್ರೀಸ್ ತುಂಬಬೇಕಿತ್ತು. ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂಬ ಹೆಸರು ಬಂದದ್ದೇ ಅದರಿಂದ. ಆ ಬಳಗದ ಗ್ಯಾರಿ ಫಿಶರ್ ತನ್ನ ಹಳೆಯ ಸೈಕಲ್ಲಿಗೆ ಮಾಡಿಕೊಂಡ ಸುಧಾರಣೆಗಳಲ್ಲಿ ಡ್ರಮ್ ಬ್ರೇಕ್, ಗೇರು ಇದ್ದವು. ಸಸ್ಪೆನ್ಷನ್ ಫೋರ್ಕ್ ಇರಲಿಲ್ಲ. ರಾಕ್‌ಶಾಕ್ಸ್ ಕಂಪನಿ ತನ್ನ ಮೊದಲ ಫೋರ್ಕ್ ತಂದದ್ದು 1990ರ ಆಸುಪಾಸಿನಲ್ಲಿ. ಅಷ್ಟರವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಅವರೆಲ್ಲ ಗಡುಸು ಫೋರ್ಕಿನಲ್ಲೇ ಬೆಟ್ಟ ಇಳಿದರು.

ಹಾಗೆಂದು ನಿಮ್ಮ ಗೆಳೆಯರು ಹೇಳಿದ್ದರಲ್ಲಿ ಹುರುಳಿಲ್ಲ ಎಂದಲ್ಲ, ಏರ್ ಫೋರ್ಕ್ ಒಳ್ಳೆಯ ವಸ್ತು. ತೊಂದರೆ ಇರುವುದು ಅದನ್ನು ನಿಮ್ಮ ಫ್ರೇಮಿಗೆ ಕೂರಿಸುವುದರಲ್ಲಿ. ನಿಮ್ಮ ದರ್ಜೆಯ ಸೈಕಲ್ಲಿನ ಹೆಡ್‌ಟ್ಯೂಬ್ ಹೆಚ್ಚಾಗಿ ಮೇಲಿಂದ ಕೆಳಗೆ ಒಂದೇ ಅಳತೆಯದು, 28.6 ಎಂಎಂ ಸ್ಟೀಯರರ್ ಹಿಡಿಯುವಂಥದ್ದು. ಈಗಿನ ಒಳ್ಳೆಯ ಫೋರ್ಕುಗಳಲ್ಲಿ ಬಹುಪಾಲು ಕೆಳಗೆ ದಪ್ಪವಾಗುವ ಸ್ಟೀಯರರ್ ಮತ್ತು 15 ಎಂಎಂ ಆಕ್ಸಲ್ ಇರುವಂಥವು. ಫೋರ್ಕ್ ತಂದ ಮೇಲೆ ಅದಕ್ಕಾಗಿ ಹಬ್ ತರಬೇಕು, ಹಬ್ಬಿಗಾಗಿ ಚಕ್ರ ಕಟ್ಟಿಸಬೇಕು. ಎಲ್ಲ ಕೂಡಿದರೂ, 80 ಎಂಎಂ ಫೋರ್ಕಿಗೆಂದು ಮಾಡಿದ ಫ್ರೇಮಿಗೆ 120 ಎಂಎಂ ಹಾಕಿದರೆ ಮುಂಭಾಗ ಎತ್ತರವಾಗಿ ಹೆಡ್‌ಟ್ಯೂಬಿನ ಬೆಸುಗೆಯ ಮೇಲೆ ಹೆಚ್ಚು ಒತ್ತಡ ಬೀಳುತ್ತದೆ. ಈಗಿನ ಫೋರ್ಕನ್ನೇ ಬಿಚ್ಚಿಸಿ, ತುಕ್ಕು ತೆಗೆಸಿ, ಗ್ರೀಸ್ ಹಾಕಿಸಿ. ಅರ್ಧ ಜೀವ ವಾಪಸು ಬರುತ್ತದೆ. ಮುಂದೊಂದು ದಿನ ಒಳ್ಳೆಯ ಫೋರ್ಕ್ ಬೇಕೆನಿಸಿದರೆ ಆ ಫೋರ್ಕ್ ಇರುವ ಸೈಕಲ್ಲನ್ನೇ ಕೊಳ್ಳಿ.

ಟಯರಿನ ಮಾತಿಗೆ ಬರುತ್ತೇನೆ. ನಮ್ಮ ನೆಲ ಎಲ್ಲ ಕಡೆಯ ನೆಲದಂತಲ್ಲ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ನಮ್ಮ ಈ ಭಾಗದಲ್ಲಿ ಒಂದೇ ದಾರಿ ಋತುವಿಗೊಂದು ದಾರಿಯಾಗಿರುತ್ತದೆ. ಅಕ್ಟೋಬರ್ ಕೊನೆಯಿಂದ ಜನವರಿಯವರೆಗೆ ಮಣ್ಣಿನಲ್ಲಿ ಇನ್ನೂ ಪಸೆ ಇದ್ದು ಟಯರ್ ಚೆನ್ನಾಗಿ ಕಚ್ಚುತ್ತದೆ. ಕಲಿಯಲು ಇದೇ ಕಾಲ. ಮಾರ್ಚ್, ಏಪ್ರಿಲಿಗೆ ಪದವಿನ ಮೇಲಿನ ಮುರಕಲ್ಲು ಉದುರಿ, ದಾರಿಗೆಲ್ಲ ಗೋಲಿ ಚೆಲ್ಲಿದಂತೆ ಉರುಟು ಕಲ್ಲು ಹರಡಿರುತ್ತದೆ. ಅದರ ಮೇಲೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರ ಜಾರುವುದೇ. ಮಳೆಗಾಲದಲ್ಲಿ ಬೋಳು ಮುರಕಲ್ಲ ಪಾರೆಯ ಮೇಲೆ ಪಾಚಿ ಕಟ್ಟಿದ ಮೇಲೆ ಯಾವ ಕಂಪನಿಯ ಯಾವ ಬೆಲೆಯ ಟಯರೂ ನಿಲ್ಲುವುದಿಲ್ಲ. ಅಲ್ಲಿ ಇಳಿದು ನಡೆಯಿರಿ. ತೋಡಿನ ಸಂಕದ ಮೇಲೆಯೂ ಅಷ್ಟೇ.

ಗಾಳಿ ಎಷ್ಟು ಹಾಕುತ್ತೀರಿ ಎಂದು ನೀವು ಬರೆದಿಲ್ಲ. ಪಂಕ್ಚರ್ ಅಂಗಡಿಯಲ್ಲಿ ಕಲ್ಲಿನಂತೆ ಗಟ್ಟಿಯಾಗುವವರೆಗೆ ತುಂಬಿಸುವುದು ನಮ್ಮಲ್ಲಿ ರೂಢಿ. ಡಾಮರು ರಸ್ತೆಗೆ ಅದು ಸರಿ. ಗುಡ್ಡೆಯಲ್ಲಿ ಟಯರ್ ನೆಲವನ್ನು ಹಿಡಿಯದೆ ಪುಟಿಯುತ್ತದೆ. 65–70 ಕಿಲೋ ತೂಗುವವರಾದರೆ, ಟ್ಯೂಬ್ ಇರುವ 2.1 ಇಂಚಿನ ಟಯರಿಗೆ ಹಿಂದೆ 32, ಮುಂದೆ 28 ಪಿಎಸ್‌ಐಯಿಂದ ಶುರು ಮಾಡಿ ನೋಡಿ. ರಿಮ್ ಕಲ್ಲಿಗೆ ಬಡಿದ ಸದ್ದು ಕೇಳಿದರೆ ಸ್ವಲ್ಪ ಏರಿಸಿ. ಮೀಟರ್ ಇರುವ ಕೈಪಂಪು ಒಂದನ್ನು ಕೊಳ್ಳಿ, ಅದರಷ್ಟು ಲಾಭ ಕೊಡುವ ಸಾಮಾನು ಬೇರೆ ಇಲ್ಲ. ಆಮೇಲೆ ಮುಂದಿನ ಚಕ್ರಕ್ಕೆ ಎತ್ತರದ, ದೂರ ದೂರ ಇರುವ ಗುಬ್ಬಿಗಳ ಟಯರ್ ಹಾಕಿಸಿ. ಅಂಥದರಲ್ಲಿ ಕೆಂಪು ಮಣ್ಣು ಮೆತ್ತಿಕೊಂಡು ನಿಲ್ಲದೆ ಉದುರುತ್ತದೆ. ಅಗಲದ್ದು ಕೊಳ್ಳುವ ಮೊದಲು ಫೋರ್ಕಿನೊಳಗೆ ಎರಡೂ ಬದಿ ಐದಾರು ಮಿಲಿಮೀಟರ್ ಜಾಗ ಉಳಿಯುತ್ತದೆಯೇ ಅಳೆಯಿರಿ.

ಒಂದೇ ಚೈನ್‌ರಿಂಗಿನ ಆಸೆ ಸದ್ಯಕ್ಕೆ ಬಿಡಿ. ನಿಮ್ಮಲ್ಲಿ ಮುಂದಿನ ಸಣ್ಣದು 24 ಹಲ್ಲು, ಹಿಂದಿನ ದೊಡ್ಡದು 28 ಎಂದಾದರೆ ಅನುಪಾತ 0.86. ಮುಂದೆ 32, ಹಿಂದೆ 34 ಮಾಡಿಸಿದರೆ 0.94, ಅಂದರೆ ಏರು ಈಗಿರುವುದಕ್ಕಿಂತ ಕಷ್ಟ. ಹಿಂದೆ 46 ಹಲ್ಲಿನದ್ದು ಹಾಕಿದರೆ ಲಾಭವುಂಟು, ಆದರೆ ಮರೆಯ ಮೇಲೆ ತಿರುಗಿಸಿ ಕೂರಿಸಿದ ಏಳು ಹಲ್ಲುಗಾಲಿಯ ಫ್ರೀವೀಲ್ ಇರುವ ಹಬ್ಬಿಗೆ ಅದು ಸಾಮಾನ್ಯವಾಗಿ ಕೂರುವುದಿಲ್ಲ.

ಚೈನಿಗೆ ತೆಂಗಿನೆಣ್ಣೆ, ಸುಟ್ಟ ಎಂಜಿನ್ ಆಯಿಲ್ ಬೇಡ, ಎರಡೂ ಮಣ್ಣನ್ನು ಕರೆದು ಕೂರಿಸುತ್ತವೆ. ಗುಡ್ಡೆಯಿಂದ ಬಂದು ವಾಟರ್ ಸರ್ವಿಸಿನವರ ಜೋರು ನೀರಿಗೂ ಹಿಡಿಯಬೇಡಿ. ಆ ನೀರು ಬೇರಿಂಗಿನ ಗ್ರೀಸನ್ನು ತೊಳೆದುಬಿಡುತ್ತದೆ. ಬಕೆಟು, ಬ್ರಷ್, ಹಳೆ ಬಟ್ಟೆ ಸಾಕು.

ಬ್ರೇಕ್ ಸರಿಯಾದ ಮೇಲೂ ಕೈ ಬಿಗಿಯುವುದು ಒಂದೇ ದಿನದಲ್ಲಿ ಹೋಗುವುದಿಲ್ಲ. ಬಿದ್ದ ಜಾಗಕ್ಕೆ ಮೊದಲು ಹೋಗಬೇಡಿ. ನಿಮಗೆ ಗೊತ್ತಿರುವ ಸಣ್ಣ ಇಳಿಜಾರೊಂದನ್ನು ಆರಿಸಿಕೊಳ್ಳಿ. ಸೀಟನ್ನು ಮೂರು ನಾಲ್ಕು ಇಂಚು ಇಳಿಸಿ. ಎರಡೂ ಪೆಡಲ್ ಸಮ ಎತ್ತರದಲ್ಲಿರಲಿ, ಹಿಮ್ಮಡಿ ಕೆಳಗೆ, ಭಾರ ಕೈಯ ಮೇಲಲ್ಲ, ಪಾದದ ಮೇಲೆ. ವೇಗವನ್ನು ತಿರುವಿಗೆ ಮೊದಲೇ ಇಳಿಸಿ ತಿರುವಿನಲ್ಲಿ ಬ್ರೇಕ್ ಸಡಿಲಿಸಿ. ಕಣ್ಣು ಮುಂದಿನ ಚಕ್ರವನ್ನು ನೋಡದೆ ಹೋಗಬೇಕಾದ ಕಡೆ ನೋಡಲಿ. ಮುಂದಿನ ಬ್ರೇಕಿಗೆ ಹೆದರಿ ಹಿಂದಿನದನ್ನೇ ಒತ್ತುವವರು ತುಂಬ ಮಂದಿ. ನಿಲ್ಲಿಸುವ ಶಕ್ತಿ ಹೆಚ್ಚು ಇರುವುದು ಮುಂದಿನದರಲ್ಲೇ. ಮೆಲ್ಲನೆ, ಎಳೆಯದೆ, ಒತ್ತಿ ಕಲಿಯಿರಿ.

ಅಮ್ಮನ ಮಾತನ್ನು ನಾನು ತಳ್ಳಿಹಾಕಲಾರೆ. ಹೊಲಿಗೆ ಹಾಕಿಸಿಕೊಂಡು ಬಂದ ಮಗನನ್ನು ನೋಡಿದವರು ಅವರು. ಬಿದ್ದದ್ದು ಏಕೆಂದು ಅವರಿಗೆ ಬಿಡಿಸಿ ಹೇಳಿ, ಹೊಸ ಪ್ಯಾಡ್ ಹಾಕುವುದನ್ನು ಅವರೆದುರೇ ಮಾಡಿ. ಆ ದಿನ ಹೆಲ್ಮೆಟ್ಟಿಗೆ ಪೆಟ್ಟಾಗಿದ್ದರೆ ಹೊರಗೆ ಚೆನ್ನಾಗಿ ಕಂಡರೂ ಅದನ್ನು ಬದಲಿಸಿ. ಯಾವ ದಾರಿ, ಯಾರ ಜೊತೆ ಎಂದು ಹೇಳಿ ಹೊರಡಿ, ಗುಡ್ಡೆಯಲ್ಲಿ ಒಬ್ಬರೇ ಬೇಡ. ನೆರಿಯ, ಶಿಶಿಲ, ಚಾರ್ಮಾಡಿ ಕಡೆ ಆನೆಗಳ ಓಡಾಟ ಇರುವುದರಿಂದ ಅಲ್ಲಿ ಚೆನ್ನಾಗಿ ಬೆಳಕು ಹರಿಯುವ ಮುಂಚೆ ಹೋಗಲೇಬೇಡಿ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಕಾಲಿಡುವುದು 1972ರ ವನ್ಯಜೀವಿ ಕಾಯ್ದೆಯಡಿ ತಪ್ಪು. ರಬ್ಬರ್ ತೋಟ, ಅಡಿಕೆ ತೋಟದೊಳಗಿನ ದಾರಿಯಾದರೆ ಮನೆಯವರನ್ನು ಕೇಳಿಯೇ ಹೋಗಿ. ಹಂದಿಗೆಂದು ಎಳೆದ ವಿದ್ಯುತ್ ತಂತಿ ಎಲ್ಲಿದೆ ಎನ್ನುವುದು ಅವರಿಗೆ ಮಾತ್ರ ಗೊತ್ತಿರುತ್ತದೆ.

ಸೈಕಲ್ ಮಾರಬೇಡಿ. ಈ ವಾರ ಪ್ಯಾಡ್, ಕೇಬಲ್, ಮೀಟರ್ ಇರುವ ಪಂಪು. ಮುಂದಿನ ತಿಂಗಳು ಟಯರ್, ಹಿಡಿತದ ಮೊಳೆಗಳಿರುವ ಅಗಲ ಪೆಡಲ್. ಆಮೇಲೂ ಮನಸ್ಸಿದ್ದರೆ ಹೈಡ್ರಾಲಿಕ್ ಬ್ರೇಕ್. ಉಳಿದ ಹಣ ಬ್ಯಾಂಕಿನಲ್ಲೇ ಇರಲಿ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ಮರೆ ಉಲ್ಟಾ ಇರುತ್ತದೆ, ನೆನಪಿಡಿ. ಪ್ಯಾಡಿನ ಆಕಾರ ಒಂದೊಂದು ಬ್ರೇಕಿಗೆ ಒಂದೊಂದು ಥರ. ಅಂಗಡಿಗೆ ಹೋಗುವಾಗ ಹಳೆಯದನ್ನು ಕೈಯಲ್ಲೇ ಹಿಡಿದುಕೊಂಡು ಹೋಗಿ.