ಆರ್ಕಿಡ್ ಗಿಡದ ಎಲೆಗಳ ಮೇಲಣ ಅಂಟು: ಅದರ ಕಾರಣವೂ ಉಪಚಾರವೂ

ಮನೆಯ ಜಗಲಿಯಲ್ಲಿ ಆರ್ಕಿಡ್ ಗಿಡಗಳನ್ನು ಸಾಕುವ ಸೋದರಿಯರು ಪದೇ ಪದೇ ಕೇಳುವ ಪ್ರಶ್ನೆಯೊಂದುಂಟು. ಗಿಡವು ಹಸುರಾಗಿಯೇ ಇರುವದು, ಆದರೂ ಎಲೆಯನ್ನು ಮುಟ್ಟಿದರೆ ಬೆಲ್ಲದ ಪಾಕವು ತಗಲಿದಂತೆ ಬೆರಳು ಅಂಟುವದು. ಇದು ಯಾವ ರೋಗ? ಕೆಲವರು ಉತ್ತರಕ್ಕೂ ಕಾಯದೆ ಗಿಡವನ್ನು ತಿಪ್ಪೆಗೆ ಎಸೆಯುತ್ತಾರೆ. ಬೀಜದಿಂದ ಹುಟ್ಟಿದ ಆರ್ಕಿಡ್ ಮೊದಲ ಹೂವನ್ನು ಬಿಡುವದಕ್ಕೆ ಹಲವು ವರ್ಷಗಳು ಬೇಕಾಗುವದರಿಂದ ಇದು ಸಣ್ಣ ನಷ್ಟವಲ್ಲ.

ಮೊದಲು ತಿಳಿಯತಕ್ಕದ್ದೇನಂದರೆ, ಎಲ್ಲಾ ಅಂಟೂ ರೋಗವಲ್ಲ. ಪತಂಗದ ಆಕಾರದ ಹೂಗಳುಳ್ಳ ಫಲೆನಾಪ್ಸಿಸ್ ಮೊದಲಾದ ಜಾತಿಗಳು ಹೂವಿನ ದಂಟಿನ ಮೇಲೆಯೂ ಮೊಗ್ಗಿನ ಬುಡದಲ್ಲಿಯೂ ತಾವೇ ಸಿಹಿಯಾದ ಹನಿಗಳನ್ನು ಸುರಿಸುತ್ತವೆ. ಆ ಹನಿಯು ಕನ್ನಡಿಯಂತೆ ತಿಳಿಯಾಗಿದ್ದು, ಸುತ್ತಲೂ ಹುಳುವೊಂದೂ ಕಾಣದಿದ್ದರೆ ಒದ್ದೆ ಬಟ್ಟೆಯಿಂದ ಒರಸಿಬಿಟ್ಟರೆ ಸಾಕು. ಔಷಧವು ಬೇಡ.

ಎಲೆಯೇ ಅಂಟಾಗಿದ್ದರೆ ಮಾತು ಬೇರೆ. ಗಿಡದ ರಸವನ್ನು ಹೀರಿ ಬಾಳುವ ಮೃದುವಾದ ಶಲ್ಕಕೀಟ, ಹಿಟ್ಟುತಿಗಣೆ, ಸಸ್ಯಹೇನು ಇವುಗಳಲ್ಲಿ ಯಾವದೋ ಒಂದು ಅಲ್ಲಿರುವದೆಂದು ಸಂಶಯಪಡಬೇಕು. ಗಿಡದ ರಸದಲ್ಲಿ ಸಕ್ಕರೆಯು ಬಹಳ, ಮೈ ಬೆಳೆಸುವ ಸತ್ವವು ಕೊಂಚ. ಆದದರಿಂದ ಈ ಹುಳುಗಳು ತಮಗೆ ಬೇಕಾದ ಸತ್ವವನ್ನು ಪಡೆಯುವದಕ್ಕಾಗಿ ಮಿತಿಮೀರಿ ರಸವನ್ನು ಕುಡಿದು, ಮಿಕ್ಕ ಸಕ್ಕರೆಯ ನೀರನ್ನು ಹೊರಗೆ ಬಿಡುತ್ತವೆ. ನಮ್ಮ ಬೆರಳಿಗೆ ತಗಲುವ ಅಂಟು ಅದೇ. ಇರುವೆಗಳು ಸಾಲುಗಟ್ಟಿ ಬರುವದೂ, ಎಲೆಯ ಮೇಲೆ ಕಾಡಿಗೆಯಂಥ ಕಪ್ಪು ಬೂಷ್ಟು ಹಬ್ಬುವದೂ ಈ ಸಿಹಿಯ ನಿಮಿತ್ತವೇ. ಬೂಷ್ಟು ಎಲೆಯೊಳಗೆ ಇಳಿಯದಿದ್ದರೂ ಬೆಳಕನ್ನು ತಡೆಯುವದು. ಇರುವೆಗಳೋ, ಗೌಳಿಗರು ಹಸುಗಳನ್ನು ಕಾಯುವಂತೆ ಈ ಹುಳುಗಳನ್ನು ಶತ್ರುಗಳಿಂದ ಕಾಯುತ್ತವೆ. ಆದಕಾರಣ ಇರುವೆಯ ಸಾಲನ್ನು ಕಂಡಾಗಲೇ ಗಿಡವನ್ನು ಪರೀಕ್ಷಿಸುವದು ಜಾಣತನ.

ಪರೀಕ್ಷಿಸುವಾಗ ಅಂಟಿರುವ ಜಾಗವನ್ನಲ್ಲ, ಅದಕ್ಕೆ ಮೇಲಿರುವ ಎಲೆಯ ಅಡಿಭಾಗವನ್ನು ನೋಡಬೇಕು. ಹನಿಯು ಮೇಲಿನಿಂದ ಕೆಳಕ್ಕೆ ಬೀಳತಕ್ಕದ್ದಷ್ಟೆ. ನಡುನರದ ಪಕ್ಕದಲ್ಲಿಯೂ ಎಲೆಯು ಕಾಂಡವನ್ನು ಅಪ್ಪಿದ ಸಂದಿನಲ್ಲಿಯೂ ಉಗುರಿನಿಂದ ಎಬ್ಬಿಸಬಹುದಾದ ಕಂದು ಬಣ್ಣದ ಸಣ್ಣ ಉಬ್ಬುಗಳಿದ್ದರೆ ಅವು ಶಲ್ಕಕೀಟಗಳು. ಹತ್ತಿಯ ಎಳೆಗಳಂತಿದ್ದರೆ ಹಿಟ್ಟುತಿಗಣೆ. ಇಲ್ಲಿ ಒಂದು ವಿಶೇಷವುಂಟು: ಗಟ್ಟಿಯಾದ ಚಿಪ್ಪಿನ ಶಲ್ಕಕೀಟಗಳು ಅಂಟನ್ನು ಬಿಡುವದೇ ಇಲ್ಲ. ಆದಕಾರಣ ಅಂಟಿಲ್ಲವೆಂದು ನಿಶ್ಚಿಂತರಾಗಬಾರದು. ಗಿಡವನ್ನು ಮಾವಿನ ಮರದ ಕೆಳಗೆ ತೂಗಹಾಕಿದವರು ತಲೆಯೆತ್ತಿಯೂ ನೋಡಲಿ. ಹೂ ಬಿಡುವ ಕಾಲದಲ್ಲಿ ಮಾವಿನ ಜಿಗಿಹುಳುಗಳು ಸುರಿಸುವ ಸಿಹಿನೀರು ಕೆಳಗಿನ ಎಲ್ಲಾ ಗಿಡಗಳ ಮೇಲೆ ಬೀಳುವದು. ಆಗ ಆರ್ಕಿಡ್‌ಗೆ ಉಪಚಾರವಲ್ಲ, ಸ್ಥಳಾಂತರವೇ ಬೇಕಾದದ್ದು.

ಹುಳುವು ಸಿಕ್ಕಿದ ಕೂಡಲೆ ಆ ಗಿಡವನ್ನು ಉಳಿದವುಗಳಿಂದ ದೂರವಿಡಬೇಕು. ಔಷಧದ ಅಂಗಡಿಯಲ್ಲಿ ದೊರೆಯುವ ನೂರಕ್ಕೆ 70 ಪಾಲಿನ ಐಸೊಪ್ರೊಪೈಲ್ ಮದ್ಯಸಾರದಲ್ಲಿ ಹತ್ತಿಯನ್ನು ಅದ್ದಿ ಒಂದೊಂದು ಹುಳುವನ್ನೂ ಒರಸಿ ತೆಗೆಯಬೇಕು. ಅದು ಬೇಗ ಉರಿಯುವ ವಸ್ತುವಾದದರಿಂದ ಒಲೆಯ ಹತ್ತಿರ ಬೇಡ. ಕಾಂಡದ ಒಣ ಪೊರೆಗಳನ್ನು ಸುಲಿಯಬೇಕು, ಅವುಗಳ ಒಳಗೇ ಮರಿಗಳು ಅಡಗಿರುವದು. ಬಳಿಕ 1 ಲೀಟರು ನೀರಿಗೆ 5 ಮಿಲಿಲೀಟರು ಬೇವಿನೆಣ್ಣೆಯನ್ನು ಸ್ವಲ್ಪ ಮೃದುವಾದ ಸಾಬೂನಿನೊಡನೆ ಕದಡಿ, ಮೊದಲು ಒಂದು ಎಲೆಗೆ ಹಚ್ಚಿ ನೋಡಿ, ಬಾಧೆಯಿಲ್ಲವಾದರೆ ಸಾಯಂಕಾಲದಲ್ಲಿ ಇಡೀ ಗಿಡಕ್ಕೆ ಸಿಂಪಡಿಸಬಹುದು. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆಯು ಸುಡುವದು. ಫಲೆನಾಪ್ಸಿಸ್‌ನ ನಡುಸುಳಿಯಲ್ಲಿ ನೀರು ನಿಂತರೆ ಕೊಳೆಯುವದು, ಅದನ್ನು ಬಟ್ಟೆಯಿಂದ ಹೀರಿಸಿ ತೆಗೆಯಬೇಕು.

ಹೆಚ್ಚಿನವರು ಸೋಲುವದು ಇಲ್ಲಿಂದ ಮುಂದೆ. ಒಮ್ಮೆ ಒರಸಿ ಎಲೆಯು ಹೊಳೆಯಲು, ಕಾರ್ಯವು ಮುಗಿಯಿತೆಂದು ಗಿಡವನ್ನು ಮತ್ತೆ ಸಾಲಿಗೆ ಸೇರಿಸುತ್ತಾರೆ. ಆದರೆ ತಾಯಿಯ ಚಿಪ್ಪಿನ ಕೆಳಗೆ ಉಳಿದ ಮೊಟ್ಟೆಗಳು ಒಡೆದು, ಕಣ್ಣಿಗೆ ಕಾಣುವದೂ ಕಷ್ಟವಾದ ಮರಿಗಳು ಹರಿದಾಡಿ ನೆರೆಯ ಗಿಡವನ್ನು ಸೇರುತ್ತವೆ. ವಾರಕ್ಕೊಮ್ಮೆಯಂತೆ ಐದಾರು ವಾರಗಳಾದರೂ ಉಪಚಾರವು ನಡೆಯಬೇಕು. ಆಮೇಲೂ ಹಿಟ್ಟುತಿಗಣೆಯು ತಿರುಗಿ ಬಂದರೆ ಬೇರಿನಲ್ಲಿ ಹುಡುಕಬೇಕು. ಕುಂಡದ ಹಳೆಯ ಇದ್ದಲು, ತೆಂಗಿನ ಸಿಪ್ಪೆ ಎಲ್ಲವನ್ನೂ ಎಸೆದು, ಬೇರನ್ನು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಹೊಸ ಇದ್ದಲಿನಲ್ಲಿ ನೆಡಬೇಕು. ನಮ್ಮ ಮಲೆನಾಡಿನ ಸೀತಾಳೆ ದಂಡೆಯನ್ನು ಮರದ ತುಂಡಿಗೆ ಕಟ್ಟಿ ಬೆಳೆಸಿದವರಿಗೆ ಈ ಶ್ರಮವಿಲ್ಲ. ಅದರ ಬೇರುಗಳು ಗಾಳಿಯಲ್ಲಿಯೇ ತೂಗುವದರಿಂದ ಹುಳುವು ಅಡಗಿದರೂ ಬೇಗನೆ ಕಣ್ಣಿಗೆ ಬೀಳುವದು.